ಮದಕದ ಹಾವಸೆ, ಇದ್ದಿಲು ಮತ್ತು ಸಾಲ

ಪಾಚಿಯಿಂದ ಜೈವಿಕ ಇದ್ದಿಲು, ಪ್ಲಾಸ್ಟಿಕ್ಕಿನಂಥ ವಸ್ತು ತಯಾರಿಸುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ಓದಿ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಕೃಷಿಕರೊಬ್ಬರು ಬರೆದಿದ್ದಾರೆ: “ಮಾರ್ಚ್ ಬಂತೆಂದರೆ ನಮ್ಮ ಮದಕದ (ಕೆರೆಯ) ತುಂಬ ಹಾವಸೆ (ಪಾಚಿ). ಎಳೆದು ದಂಡೆಯಲ್ಲಿ ರಾಶಿ ಹಾಕುತ್ತೇವೆ. ಅದನ್ನೇ ಸುಟ್ಟು ಬಯೋಚಾರ್ (ಜೈವಿಕ ಇದ್ದಿಲು) ಮಾಡಿ, ಉಳಿದದ್ದರಲ್ಲಿ ತಟ್ಟೆ, ಚೀಲ ಮಾಡಬಹುದಲ್ಲ? ಘಟಕಕ್ಕೆ ಸಾಲ ಸಿಗುವ ಹಾಗಿದೆ.”

ಸಂಪಾದಕರ ಉತ್ತರ:

ನಮಸ್ಕಾರ. ಸಾಲದ ಮಾತು ಆಮೇಲೆ, ಮೊದಲು ನೀರಿನ ಲೆಕ್ಕ ಹಾಕೋಣ. ನೀರು ಬಸಿದ ಮೇಲೂ ಹಾವಸೆಯ ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ. 10 ಕಿಲೋ ಹಸಿ ರಾಶಿ ಒಣಗಿದರೆ ಕೈಗೆ ಬರುವುದು ಸುಮಾರು 1 ಕಿಲೋ. ಆ 9 ಲೀಟರ್ ನೀರನ್ನು ಬೆಂಕಿಯಿಂದ ಆರಿಸಲು ಹೊರಟರೆ, ಶಾಖ ಒಂದಿಷ್ಟೂ ಪೋಲಾಗದಿದ್ದರೂ, ಒಂದೂವರೆ ಕಿಲೋದಷ್ಟು ಒಣ ಸೌದೆ ಬೇಕು. ಬಿಸಿಲಿಗೆ ಹಾಕೋಣವೆಂದರೆ ಮಾರ್ಚಿನಲ್ಲಿ ಅಂಗಳದ ತುಂಬ ಅಡಿಕೆ. ಅದರ ಪಕ್ಕ ಈ ನಾತದ ರಾಶಿ ಹರಡಲು ಮನೆಯವರು ಬಿಟ್ಟರೆ ನಿಮ್ಮ ಪುಣ್ಯ.

ಸುಟ್ಟಾಗ ಸಿಗುವುದೂ ಗೆರಟೆಯ (ತೆಂಗಿನ ಚಿಪ್ಪಿನ) ಇದ್ದಿಲಿನಂಥದ್ದಲ್ಲ. ಗಾಳಿಯಾಡದಂತೆ ಮಾಡಿ 400–500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಗೆರಟೆಯಿಂದ ಇಂಗಾಲ ತುಂಬಿದ, ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುವ ಇದ್ದಿಲು ಬರುತ್ತದೆ. ಪಾಚಿಯದರಲ್ಲಿ ಇಂಗಾಲ ಕಮ್ಮಿ, ಬೂದಿ ಜಾಸ್ತಿ. ಆ ಬೂದಿಯಲ್ಲಿ ಪೊಟ್ಯಾಶ್, ಸುಣ್ಣ, ರಂಜಕ ಇರುವುದರಿಂದ ನಮ್ಮ ಮುರಕಲ್ಲು ಮಣ್ಣಿನ ಹುಳಿಗೆ ಒಳ್ಳೆಯದೇ. ಹಿರಿಯರು ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ಹೊಗೆಯಾಡಿಸಿ ಮಾಡುತ್ತಿದ್ದ ಸುಡುಮಣ್ಣಿನ ದೂರದ ನೆಂಟ ಅನ್ನಿ. ಇದ್ದಿಲೇ ಬೇಕೆಂದಿದ್ದರೆ ಗೆರಟೆ, ಅಡಿಕೆ ಸಿಪ್ಪೆ, ತೆಂಗಿನ ಮಡಲು ಸುಡಿ, ಒಣಗಿದಷ್ಟು ಹಾವಸೆ ಅದರೊಟ್ಟಿಗೆ ಹೋಗಲಿ. ಹಾಗೇ ಬುಡಕ್ಕೆ ಸುರಿಯಬೇಡಿ, ಮಣ್ಣಿನ ಸಾರಜನಕವನ್ನು ಮೊದಲು ಇದ್ದಿಲೇ ಹಿಡಿದಿಟ್ಟುಕೊಂಡೀತು. ಗೋಬರ್ ಗ್ಯಾಸಿನ ಸ್ಲರಿಯಲ್ಲಿ ಹತ್ತು ಹದಿನೈದು ದಿನ ನೆನೆಸಿ ಹಾಕಿ.

ತಟ್ಟೆ, ಚೀಲದ ವಿಷಯದಲ್ಲಿ ನೀವು ಕ್ರಮವನ್ನೇ ತಿರುಗಿಸಿದ್ದೀರಿ. ಪ್ಲಾಸ್ಟಿಕ್ಕಿನಂಥ ವಸ್ತು ಆಗುವುದು ಪಾಚಿಯ ಅಂಟಿನಿಂದ; ಮೊದಲು ಆ ಅಂಟು ತೆಗೆಯಬೇಕು, ಉಳಿದ ಚರಟವನ್ನು ಕೊನೆಗೆ ಸುಡಬೇಕು. ಸುಟ್ಟ ಮೇಲೆ ಅಂಟು ಎಲ್ಲಿಂದ ಬರಬೇಕು? ಆ ಅಂಟಾದರೂ ಇರುವುದು ಕಡಲ ಪಾಚಿಯಲ್ಲಿ: ಕಂದು ಜಾತಿಯಲ್ಲಿ ಆಲ್ಜಿನೇಟ್, ಕೆಂಪು ಜಾತಿಯಲ್ಲಿ ಅಗರ್ ಮತ್ತು ಕ್ಯಾರಗೀನನ್. 2019ರ ಲಂಡನ್ ಮ್ಯಾರಥಾನ್‌ನಲ್ಲಿ ಓಟಗಾರರಿಗೆ ಕೊಟ್ಟ, ಸಿಪ್ಪೆ ಸಮೇತ ನುಂಗಬಹುದಾದ ಪಾನೀಯದ ಪೊಟ್ಟಣ ಕಡಲ ಪಾಚಿಯದೇ. ತಮಿಳುನಾಡಿನ ರಾಮನಾಥಪುರದ ತೀರದಲ್ಲಿ ಬಿದಿರಿನ ತೆಪ್ಪಕ್ಕೆ ಕಟ್ಟಿ ಬೆಳೆಸುವ ಕಪ್ಪಾಫೈಕಸ್ ಎಂಬ ಕೆಂಪು ಪಾಚಿ ಸುಮಾರು 45 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಕ್ಯಾರಗೀನನ್ ಸಿಗುವುದು ಅದರಿಂದ. ನಿಮ್ಮ ಮದಕದ ನೂಲುನೂಲಾದ ಹಸಿರು ಹಾವಸೆಯಲ್ಲಿ ಈ ಮೂರೂ ಇಲ್ಲ. ಕೆಲವು ನೀಲಿ-ಹಸಿರು ಪಾಚಿಗಳು ಸಾರಜನಕ, ರಂಜಕದ ಬರ ಬಂದಾಗ ಪಿಎಚ್‌ಬಿ ಎಂಬ ಪ್ಲಾಸ್ಟಿಕ್ಕನ್ನೇ ಜೀವಕೋಶದೊಳಗೆ ಕೂಡಿಡುತ್ತವೆ, ನಿಜ. ಆದರೆ ಅದನ್ನು ಬಿಡಿಸಿ ತೆಗೆಯುವುದು ಪ್ರಯೋಗಾಲಯದ ಕೆಲಸ.

ಕುತೂಹಲಕ್ಕೆ ಅಡುಗೆಮನೆಯಲ್ಲೊಂದು ಪ್ರಯೋಗ ಮಾಡಿ. ಪುಡ್ಡಿಂಗ್‌ಗೆ ಹಾಕುವ ಚೈನಾ ಗ್ರಾಸ್ ಎಂದರೆ ಅಗರ್. 200 ಮಿ.ಲೀ. ನೀರಿಗೆ 4 ಗ್ರಾಂ ಹಾಕಿ ಪೂರ್ತಿ ಕರಗುವವರೆಗೆ ಕುದಿಸಿ, ಅರ್ಧ ಟೀ ಚಮಚ ಗ್ಲಿಸರಿನ್ ಸೇರಿಸಿ, ಸ್ಟೀಲ್ ತಟ್ಟೆಗೆ ತೆಳ್ಳಗೆ ಹೊಯ್ಯಿರಿ. ಫ್ಯಾನಿನಡಿ ಎರಡು ಮೂರು ದಿನ ಇಟ್ಟರೆ ನೀರೆಲ್ಲ ಆರಿ, ಅಂಚು ಬಿಟ್ಟು ಪೊರೆ ಏಳುತ್ತದೆ. ಆಚೆ ಬದಿ ಮಸುಕಾಗಿ ಕಾಣುತ್ತದೆ, ಮಡಚಿದರೆ ಮಡಚುತ್ತದೆ. ಗ್ಲಿಸರಿನ್ ಬಿಟ್ಟರೆ ಲಟಕ್ಕನೆ ಮುರಿಯುತ್ತದೆ. ಅದರ ಮೇಲೆ ಬಿಸಿ ಸಾರು ಹೊಯ್ದು ನೋಡಿ, ಮೆತ್ತಗಾಗಿ ಕುಸಿಯುತ್ತದೆ. ತೋಟದಲ್ಲಿ ಅಡಿಕೆ ಹಾಳೆ ಬಿದ್ದಿರುವಾಗ ಊಟದ ತಟ್ಟೆಗೆ ಪಾಚಿಯ ಗೊಡವೆ ಯಾಕೆ?

ಇನ್ನೊಂದು. ಪೇಟೆಯ ಚರಂಡಿ ನೀರು ಸೇರುವ ಕೆರೆಯ ಪಾಚಿಯನ್ನು, ಪುಕ್ಕಟೆ ಸಿಕ್ಕಿದರೂ, ತರಬೇಡಿ. ಪಾಚಿ ನೀರಿನ ಸೀಸ, ತಾಮ್ರವನ್ನು ಹೀರಿಕೊಳ್ಳುತ್ತದೆ. ಸುಟ್ಟ ಮೇಲೆ ಅವು ಬಹುಪಾಲು ಇದ್ದಿಲಿನಲ್ಲೇ ಉಳಿದು ತೋಟಕ್ಕೆ ಬರುತ್ತವೆ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಎಣ್ಮಕಜೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಲ ಬೇಡ. ಮದಕ ಹಾವಸೆ ಕೊಡುವುದು ಬೇಸಿಗೆಯಲ್ಲಿ ಮಾತ್ರ, ಬಡ್ಡಿ ಹನ್ನೆರಡು ತಿಂಗಳೂ ಬೆಳೆಯುತ್ತದೆ. ಈ ವರ್ಷ ದಂಡೆಯ ರಾಶಿಯನ್ನು ಹಟ್ಟಿಗೊಬ್ಬರ, ತರಗೆಲೆಯ ಜೊತೆ ಪದರ ಪದರವಾಗಿ ಹಾಕಿ ಕೊಳೆಸಿ, ಮಳೆ ಹಿಡಿಯುವ ಮೊದಲು ನಾಲ್ಕು ಅಡಿಕೆ ಬುಡಕ್ಕೆ ಕೊಡಿ. ಪಕ್ಕದ ನಾಲ್ಕಕ್ಕೆ ಕೊಡಬೇಡಿ. ಏನು ವ್ಯತ್ಯಾಸ ಕಂಡಿತೆಂದು ಬರೆಯಿರಿ, ಪ್ರಕಟಿಸುತ್ತೇವೆ.