ಮಂಗಳೂರಿನ ಕೆಲಸ ಹೋಗಿ ಮಂಜೇಶ್ವರಕ್ಕೆ ಬಂದಿದ್ದೇನೆ, ಪಿಎಫ್ ಹಣ ಯಾಕೆ ಬರುತ್ತಿಲ್ಲ?

ಹೆಚ್ಚಾಗಿ ಎರಡೇ ಕಾರಣ. ಒಂದೋ ನಿಮ್ಮ ಹೆಸರು ಆಧಾರ್ ಜೊತೆ ಹೊಂದುತ್ತಿಲ್ಲ, ಇಲ್ಲಾ ಕಂಪನಿಯವರು ನೀವು ಕೆಲಸ ಬಿಟ್ಟ ದಿನಾಂಕ ಹಾಕಿಲ್ಲ. ಪಿಎಫ್ ಖಾತೆಯ ಹೆಸರನ್ನೂ ಆಧಾರಿನ ಹೆಸರನ್ನೂ ತಾಳೆ ನೋಡುವುದು ಕಂಪ್ಯೂಟರ್. ಅದಕ್ಕೆ ನಮ್ಮೂರ ರೂಢಿ ಗೊತ್ತಿಲ್ಲ ಅಲ್ವಾ?

ಕಾಸರಗೋಡಿನವರಿಗೆ ಈ ತೊಂದರೆ ಜಾಸ್ತಿ. ಕೇರಳದ ದಾಖಲೆಗಳಲ್ಲಿ ಇನಿಶಿಯಲ್ ಹೆಸರಿನ ಕೊನೆಗೆ ಬರುತ್ತದೆ, 'ತ' ಅಕ್ಷರಕ್ಕೆ ಇಂಗ್ಲಿಷಿನಲ್ಲಿ 'ಟಿ' ಜೊತೆ 'ಎಚ್' ಸೇರಿಸುತ್ತಾರೆ. ಗೇರುಬೀಜದ ಕಾರ್ಖಾನೆಯಲ್ಲಿದ್ದ ನನ್ನ ಭಾವನ ಆಧಾರಿನಲ್ಲಿ 'ಐತಪ್ಪ ಬಿ' ಅಂತ ಇತ್ತು, ಪಿಎಫ್‌ನಲ್ಲಿ 'ಬಿ ಐತಪ್ಪ', ಅದೂ 'ಎಚ್' ಇಲ್ಲದೆ. ಆ ಒಂದು ಅಕ್ಷರಕ್ಕೆ ಕ್ಲೇಮ್ ಎರಡು ಸಲ ವಾಪಸ್ ಬಂತು, ಮನೆಯಲ್ಲಿ ಮಗಳ ಫೀಸು ಕಟ್ಟಲು ಸಾಲ ಮಾಡಬೇಕಾಯಿತು.

ಸುಮ್ನೆ ಮತ್ತೆ ಮತ್ತೆ ಕ್ಲೇಮ್ ಹಾಕಬೇಡಿ. ಮೊದಲು ಯುಎಎನ್ (ನಿಮ್ಮ ಪಿಎಫ್ ಸದಸ್ಯತ್ವದ ನಂಬರ್) ಪೋರ್ಟಲ್‌ನಲ್ಲಿ ಜಾಯಿಂಟ್ ಡಿಕ್ಲರೇಶನ್, ಅಂದರೆ ತಿದ್ದುಪಡಿ ಅರ್ಜಿ ಹಾಕಿ ಹೆಸರು ಸರಿ ಮಾಡಿಸಿ. ಕೆಲವರಿಗೆ ಹಳೆ ಕಂಪನಿಯ ಒಪ್ಪಿಗೆಯೂ ಬೇಕಾಗುತ್ತದೆ. ಕೆಲಸ ಬಿಟ್ಟ ದಿನಾಂಕವನ್ನು, ಕೊನೆಯ ಪಿಎಫ್ ಕಂತು ಕಟ್ಟಿ 2 ತಿಂಗಳಾದ ಮೇಲೆ, 'ಮಾರ್ಕ್ ಎಕ್ಸಿಟ್'ನಲ್ಲಿ ನೀವೇ ಹಾಕಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಸಾಕು. ಸಿಂಡಿಕೇಟ್ ಬ್ಯಾಂಕ್ ಖಾತೆ ಇದ್ದವರು ಐಎಫ್‌ಎಸ್‌ಸಿ ಕೋಡ್ ಕೂಡ ನೋಡಿಕೊಳ್ಳಿ. 2020ರಲ್ಲಿ ಅದು ಕೆನರಾ ಬ್ಯಾಂಕಿಗೆ ಸೇರಿತು, ಹಳೆ ಕೋಡ್ ಈಗ ನಡೆಯುವುದಿಲ್ಲ.

ಎಲ್ಲಾ ಸರಿ ಇದ್ದೂ ಕ್ಲೇಮ್ ಹಾಕಿ 20 ದಿನ ದಾಟಿದರೆ ಪಿಎಫ್ ಸಂಸ್ಥೆಯ ದೂರಿನ ಪೋರ್ಟಲ್ ಇಪಿಎಫ್‌ಐಜಿಎಂಎಸ್‌ನಲ್ಲಿ ದೂರು ಕೊಡಿ, ಕ್ಲೇಮ್ ನಂಬರ್ ಬರೆಯಲು ಮರೆಯಬೇಡಿ.