ರಾಜೀನಾಮೆ ಪತ್ರ ಬರೆದಿಟ್ಟ ತಮ್ಮನಿಗೆ, ಮತ್ತು ಇತರರಿಗೆ

ಈ ತಿಂಗಳ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಮುಕ್ಕಾಲು ಪಾಲು ಒಂದೇ ಪ್ರಶ್ನೆ: ನನ್ನ ಬಗ್ಗೆ ದೇವರ ಚಿತ್ತ ಏನು, ಹೇಗೆ ತಿಳಿಯಲಿ? ಹಿಂದಿನ ತಿಂಗಳೂ ಇದೇ ಆಗಿತ್ತು. ಸಭಾಪಾಲಕನಾಗಿ 30 ವರ್ಷ ಇದನ್ನೇ ಕೇಳಿಸಿಕೊಂಡಿದ್ದೇನೆ. ಈ ಪ್ರಶ್ನೆಯನ್ನು ಬಂಡವಾಳ ಮಾಡಿಕೊಂಡವರನ್ನು ಕಂಡರೆ ಮಾತ್ರ ನನಗೆ ತಡೆಯಲಾರದ ಸಿಟ್ಟು ಬರುತ್ತದೆ. ದಿನಾ ಪ್ರಾರ್ಥನೆ ಮಾಡಿ, ವಾಕ್ಯ ಓದಿ ಅಂತ ಇಲ್ಲಿ ಮತ್ತೆ ಬರೆಯುವುದಿಲ್ಲ. ಅದನ್ನು ಮಾಡುತ್ತಿರುವವರೇ ಪತ್ರ ಬರೆದಿದ್ದೀರಿ.

ಹೊಸ ವರ್ಷದ ಆರಾಧನೆಯಲ್ಲಿ ಎತ್ತಿದ ವಾಗ್ದಾನದ ಕಾರ್ಡಿನಲ್ಲಿ ಯೆರೆಮೀಯ 29:11, ನಿಮಗೆ ಒಳ್ಳೆಯ ಭವಿಷ್ಯ ಕೊಡುತ್ತೇನೆ ಅನ್ನುವ ವಚನ, ಬಂತು. ಈ ವರ್ಷ ನನಗೆ ವೀಸಾ ಆಗುತ್ತದೆ ಅಂತ ಅರ್ಥವೇ?

ಅಲ್ಲ. ಅದು ಬಾಬೆಲಿನಲ್ಲಿ ಸೆರೆಯಾಗಿದ್ದವರಿಗೆ ಬರೆದ ಪತ್ರ. ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕು ಅಂತ ಇದೆ.

ಎರಡು ಕೆಲಸ ಸಿಕ್ಕಿವೆ. ಪ್ರಾರ್ಥನೆ ಮಾಡಿ ಚೀಟಿ ಎತ್ತಬಹುದೇ? ಅಪೊಸ್ತಲರೂ ಎತ್ತಿದ್ದರಲ್ವಾ?

ಎತ್ತಿದ್ದರು, ಪವಿತ್ರಾತ್ಮನು ಇಳಿದು ಬರುವುದಕ್ಕೆ ಮುಂಚೆ. ಆಮೇಲೆ ಹೊಸ ಒಡಂಬಡಿಕೆಯಲ್ಲಿ ಒಮ್ಮೆಯೂ ಅವರು ಚೀಟಿ ಹಾಕಲಿಲ್ಲ.

ಪಾಸ್ಟರ್ ಅವರೇ, ನನಗೆ 26 ವರ್ಷ. ಊರು ಹುಬ್ಬಳ್ಳಿ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಅಪ್ಪ ಇಲ್ಲ. ಅಮ್ಮ ಮತ್ತು ಓದುತ್ತಿರುವ ತಂಗಿ ನನ್ನ ಸಂಬಳವನ್ನೇ ನಂಬಿದ್ದಾರೆ. ಮೂರು ತಿಂಗಳ ಹಿಂದೆ ಉಪವಾಸ ಪ್ರಾರ್ಥನೆಗೆ ಬಂದಿದ್ದ ದೇವಸೇವಕರೊಬ್ಬರು ತಲೆಯ ಮೇಲೆ ಕೈಯಿಟ್ಟು, ಕರ್ತನು ನಿನ್ನನ್ನು ಪೂರ್ಣಾವಧಿ ಸೇವೆಗೆ ಕರೆದಿದ್ದಾನೆ, ಬಲೆಗಳನ್ನು ಬಿಟ್ಟು ಬಾ ಎಂದು ಪ್ರವಾದಿಸಿದರು. ಆ ರಾತ್ರಿ ಕಣ್ಣು ಮುಚ್ಚಿ ಸತ್ಯವೇದ (ಬೈಬಲ್) ತೆರೆದರೆ, ಮೀನುಗಾರರು ಬಲೆ ಬಿಟ್ಟು ಯೇಸುವಿನ ಹಿಂದೆ ಹೋದ ಮತ್ತಾಯ 4ರ ಅದೇ ಭಾಗ ಬಂತು. ರಾಜೀನಾಮೆ ಬರೆದಿಟ್ಟಿದ್ದೇನೆ. ಅಮ್ಮ ಅಳುತ್ತಿದ್ದಾರೆ. ಕೊಡದಿದ್ದರೆ, ದೇವರ ಮಾತು ಮೀರಿ ಓಡಿಹೋಗಿ ಮೀನಿನ ಹೊಟ್ಟೆ ಸೇರಿದ ಯೋನನ ಗತಿ ಬರುತ್ತದೇನೋ ಅಂತ ಭಯ. ಏನು ಮಾಡಲಿ?

ತಮ್ಮಾ, ಆ ಪತ್ರ ಕೊಡಬೇಡ. ಮೊದಲು ಅದು ಇತ್ಯರ್ಥವಾಗಲಿ, ಆಮೇಲೆ ಉಳಿದದ್ದು ಮಾತಾಡೋಣ.

ಸತ್ಯವೇದ ತೆರೆದಾಗ ಅದೇ ಪುಟ ಬಂದದ್ದು ನಿನಗೆ ದೊಡ್ಡ ಗುರುತಾಗಿ ಕಂಡಿದೆ. ನನ್ನ ಸತ್ಯವೇದ ಸುಮ್ನೆ ಬಿಟ್ಟರೆ ಪ್ರತಿ ಸಲ ಕೀರ್ತನೆ 91ಕ್ಕೇ ತೆರೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕ ಕೂತು ನಾನು ಜಾಸ್ತಿ ಓದಿದ್ದು ಅದನ್ನೇ. ಅಲ್ಲಿ ಬೈಂಡಿಂಗ್ ಸೀಳಿದೆ, ಪುಟದ ಅಂಚು ಬೆರಳಿನ ಎಣ್ಣೆಗೆ ಹಳದಿಯಾಗಿದೆ. ಪದೇ ಪದೇ ತೆರೆದ ಜಾಗದಲ್ಲೇ ಪುಸ್ತಕ ಬಿಚ್ಚಿಕೊಳ್ಳುತ್ತದೆ. ನಿನ್ನ ಸತ್ಯವೇದದಲ್ಲೂ ಮತ್ತಾಯನ ಮೊದಲ ಅಧ್ಯಾಯಗಳೇ ಹೆಚ್ಚು ಸವೆದಿರಬಹುದು, ನೋಡು.

ಆ ಪುಟವನ್ನೇ ಪೂರ್ತಿ ಓದೋಣ ಬಾ. ಇದೇ ಘಟನೆ ಮಾರ್ಕ 1ರಲ್ಲೂ ಇದೆ. ಯಾಕೋಬ, ಯೋಹಾನ ಎದ್ದು ಹೋದಾಗ ಅವರ ಅಪ್ಪ ಜೆಬೆದಾಯ ದೋಣಿಯಲ್ಲಿ ಒಬ್ಬನೇ ಉಳಿಯಲಿಲ್ಲ. ಜೊತೆಗೆ ಕೂಲಿಯಾಳುಗಳು ಇದ್ದರು ಅಂತ ಮಾರ್ಕ ಬರೆದಿದ್ದಾನೆ. ಕಸುಬು ನಡೆಯುತ್ತಿತ್ತು, ಮನೆ ಬೀಳಲಿಲ್ಲ. ಬಲೆ ಬಿಟ್ಟ ಪೇತ್ರನ ಮನೆಗೆ ಯೇಸು ಹೋದದ್ದೂ ಅದೇ ಅಧ್ಯಾಯದಲ್ಲಿದೆ. ಅಲ್ಲಿ ಜ್ವರದಿಂದ ಮಲಗಿದ್ದ ಅವನ ಅತ್ತೆಯನ್ನು ಕೈಹಿಡಿದು ಎಬ್ಬಿಸಿದರು. ಕರೆದವನು ಮನೆಯವರನ್ನೂ ನೋಡಿಕೊಂಡ. ನಿನ್ನ ಮೇಲೆ ಕೈಯಿಟ್ಟ ಸೇವಕರು ನಿನ್ನ ಅಮ್ಮನ ಬಗ್ಗೆ ಒಂದು ಮಾತನ್ನಾದರೂ ಕೇಳಿದರಾ?

ಮಾರ್ಕ 7 ತೆಗೆ. ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನು 'ಇದು ಕೊರ್ಬಾನ್, ದೇವರಿಗೆ ಕೊಟ್ಟಾಯಿತು' ಎಂದು ಕೈ ತೊಳೆದುಕೊಳ್ಳುವವರನ್ನು ಯೇಸು ಅಲ್ಲಿ ಗದರಿದ್ದಾರೆ. ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನೇ ರದ್ದು ಮಾಡಿದಿರಿ ಅನ್ನುತ್ತಾರೆ. ವಿಧವೆ ತಾಯಿಯ ಊಟ ಕಿತ್ತು ನಡೆಸುವ ಸೇವೆ ದೇವರಿಗೆ ಬೇಕಾಗಿಲ್ಲ. ಇದನ್ನು ತಿಳಿಯಲು ಯಾವ ಪ್ರವಾದನೆಯೂ ಬೇಡ. ಸೀನಾಯಿ ಬೆಟ್ಟದಲ್ಲಿ ಕೊಟ್ಟ ಹತ್ತು ಆಜ್ಞೆಗಳಲ್ಲೇ ಅದು ಇದೆ.

1 ಅರಸುಗಳು 13ನೇ ಅಧ್ಯಾಯವನ್ನು ನಮ್ಮ ಪ್ರವಾದಿಗಳು ಪ್ರಸಂಗಕ್ಕೆ ಆರಿಸಿಕೊಂಡದ್ದನ್ನು ನಾನು ಕೇಳಿಲ್ಲ. ಯೆಹೂದದಿಂದ ಬೇತೇಲಿಗೆ ಬಂದ ಒಬ್ಬ ದೇವರ ಮನುಷ್ಯನಿಗೆ, ಅಲ್ಲಿ ಊಟ ಮಾಡಬೇಡ, ನೀರು ಕುಡಿಯಬೇಡ ಅಂತ ದೇವರು ಸ್ಪಷ್ಟವಾಗಿ ಹೇಳಿದ್ದರು. ಆ ಊರಿನ ಮುದಿ ಪ್ರವಾದಿ ಬಂದು, ನಾನೂ ಪ್ರವಾದಿಯೇ, ನಿನ್ನನ್ನು ಕರೆತರಲು ದೇವದೂತ ನನಗೆ ಹೇಳಿದ ಎಂದ. ಸುಳ್ಳು ಹೇಳಿದ. ಇವನು ನಂಬಿ ಹೋದ, ಉಂಡ. ವಾಪಸ್ ಹೋಗುವಾಗ ದಾರಿಯಲ್ಲಿ ಸಿಂಹ ಅವನನ್ನು ಕೊಂದಿತು. ತನಗೆ ಗೊತ್ತಿದ್ದ ದೇವರ ಮಾತನ್ನು ಇನ್ನೊಬ್ಬನ ಬಾಯಿಮಾತಿಗೆ ಬಿಟ್ಟುಕೊಟ್ಟ. ಪ್ರವಾದನೆಯನ್ನು ಕಡೆಗಣಿಸಬೇಡಿ ಅಂತ ಪೌಲ ಬರೆದದ್ದು ನಿಜ. ಮುಂದಿನ ಮಾತು, ಎಲ್ಲವನ್ನೂ ಪರೀಕ್ಷಿಸಿ. ಮೊದಲನೆಯದನ್ನು ಮೈಕಿನಲ್ಲಿ ಕೂಗುವವರು ಎರಡನೆಯದನ್ನು ನುಂಗಿಬಿಡುತ್ತಾರೆ.

ನನ್ನ ಸಭೆಯಲ್ಲಿ ಒಬ್ಬ ಲೇತ್ ಕೆಲಸಗಾರ ಇದ್ದ. ಒಳ್ಳೆಯ ಕೈಗುಣ. ನಿನಗೆ ಹೇಳಿದ ಮಾತನ್ನೇ ಅವನಿಗೂ ಒಬ್ಬರು ಹೇಳಿದರು. ಮರುವಾರ ಕೆಲಸ ಬಿಟ್ಟ. ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಆರಾಧನೆ ಮುಗಿದ ನಂತರ ನನ್ನ ಕೋಣೆಗೆ ಬಂದು ನಿಂತ. ಹೆಂಡತಿಯ ಕೊರಳು ಬರಿದಾಗಿತ್ತು. ಪ್ರವಾದಿಸಿದವರು ಫೋನ್ ಎತ್ತುತ್ತಿರಲಿಲ್ಲ. ಅವನ ಉಗುರಿನ ಸಂದಿಯಲ್ಲಿ ಯಾವಾಗಲೂ ಇರುತ್ತಿದ್ದ ಎಣ್ಣೆಯ ಕಪ್ಪು ಪೂರ್ತಿ ಹೋಗಿತ್ತು. ಆ ಸ್ವಚ್ಛ ಕೈ ನೋಡಿ ನನಗೆ ಅಳು ಬಂತು. 'ದೇವರು ನನಗೆ ಮೋಸ ಮಾಡಿದರು ಪಾಸ್ಟರ್' ಅಂದ. ಮನುಷ್ಯ ಮಾಡಿದ ಮೋಸ ದೇವರ ಲೆಕ್ಕಕ್ಕೆ ಹೋಗಿತ್ತು. ಅವನು ಮತ್ತೆ ಪ್ರಾರ್ಥನೆಗೆ ಬಾಯಿ ತೆರೆಯಲು ವರ್ಷಗಳೇ ಹಿಡಿದವು. ನಿನ್ನ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯ ಮನುಷ್ಯ ಅನ್ನಿಸಿದರೆ, ಕಾರಣ ಆ ಕೈಗಳು.

ಹಾಗಾದರೆ ಕರೆ ಅನ್ನುವುದೇ ಇಲ್ಲವಾ? ಇದೆ. ಖಂಡಿತ ಇದೆ. ಅದು ಬರುವ ರೀತಿ ನೋಡು. ಅಪೊಸ್ತಲರ ಕೃತ್ಯಗಳು 13ರಲ್ಲಿ ಬಾರ್ನಬನನ್ನೂ ಮುಂದೆ ಪೌಲ ಎನಿಸಿಕೊಂಡ ಸೌಲನನ್ನೂ ಕಳಿಸಿಕೊಡಿ ಎಂದು ಪವಿತ್ರಾತ್ಮನು ಹೇಳಿದ್ದು ಅಂತಿಯೋಕ್ಯದ ಸಭೆಯ ಮುಂದೆ. ಅಷ್ಟು ಹೊತ್ತಿಗೆ ಅವರಿಬ್ಬರೂ ಅಲ್ಲಿ ಒಂದು ವರ್ಷ ಕಲಿಸಿದ್ದರು. ಯೆರೂಸಲೇಮಿಗೆ ಬರದ ಪರಿಹಾರದ ಹಣ ಹೊತ್ತು ತಲುಪಿಸಿ ಬಂದಿದ್ದರು. ಸಭೆ ಅವರನ್ನು ಹತ್ತಿರದಿಂದ ನೋಡಿತ್ತು. ಎಲ್ಲಿಂದಲೋ ಬಂದ ಅತಿಥಿ ಒಂದು ರಾತ್ರಿಯಲ್ಲಿ ಹೇಳಿ ಹೋದ ಮಾತಲ್ಲ ಅದು. ಮುಂದೆ 16ನೇ ಅಧ್ಯಾಯದಲ್ಲಿ ಪೌಲನಿಗೆ ಆಸ್ಯ ಪ್ರಾಂತ್ಯಕ್ಕೆ ಹೋಗಲು ತಡೆ, ಬಿಥೂನ್ಯಕ್ಕೆ ಹೋಗಲು ತಡೆ. ತ್ರೋವದಲ್ಲಿ ಮಕೆದೋನ್ಯದವನ ದರ್ಶನ ಆದ ಮೇಲೂ 'ನಾವು' ತೀರ್ಮಾನಿಸಿದೆವು ಅಂತ ಬರೆದಿದೆ. ದರ್ಶನ ಕಂಡವನು ಒಬ್ಬ, ತೀರ್ಮಾನ ಎಲ್ಲರದು.

ಇನ್ನೊಂದು ಮಾತು ನನ್ನನ್ನು ಬಹಳ ದಿನದಿಂದ ಸುಡುತ್ತಿದೆ. ಸೇವೆ ಅಂದರೆ ಪ್ರಸಂಗ ಪೀಠ ಮಾತ್ರ ಅಂತ ನಿನಗೆ ಕಲಿಸಿದವರು ಯಾರು? ವಿಮೋಚನಕಾಂಡ 31ರಲ್ಲಿ ದೇವರು ತನ್ನ ಆತ್ಮದಿಂದ ತುಂಬಿಸಿದ ಬೆಚಲೇಲ ಚಿನ್ನ, ಬೆಳ್ಳಿ, ಮರದ ಕೆಲಸದವನು. ಕೊರಿಂಥದಲ್ಲಿ ಪೌಲ ಗುಡಾರ ಹೊಲಿದ. ನಮ್ಮ ಮಂಗಳೂರನ್ನೇ ತೆಗೆದುಕೋ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಬಂತು. ಕ್ರೈಸ್ತರಾದವರನ್ನು ಮನೆಯವರು ಹೊರಗೆ ಹಾಕಿದರು, ಕಸುಬು ಕೈತಪ್ಪಿತು. ಆಗ ಬೇಕಾಗಿದ್ದದ್ದು ದುಡಿಮೆ. ಪ್ಲೆಬ್ಸ್ಟ್ ಎಂಬ ಮಿಷನರಿ 1865ರಲ್ಲಿ ಜೆಪ್ಪುವಿನಲ್ಲಿ ಜೇಡಿಮಣ್ಣಿನ ಹೆಂಚು ಸುಡುವ ಕಾರ್ಖಾನೆ ಶುರು ಮಾಡಿದರು. ನಿಮ್ಮ ಅಜ್ಜಿ ಮನೆಯ ಮಾಡಿನ ಮೇಲಿರುವ ಮಂಗಳೂರು ಹೆಂಚಿನ ಹಿಂದೆ ಆ ಕರೆ ಇದೆ. ಕಣ್ಣ ಮುಂದಿನ ಹಸಿವು ನೋಡಿ ಕೈಗೆ ಗೊತ್ತಿದ್ದ ಕೆಲಸ ಮಾಡಿದರು.

ನೀನು ಲೆಕ್ಕ ಬಲ್ಲವನು. ಯೆರೂಸಲೇಮಿನ ವಿಧವೆಯರಿಗೆ ಊಟ ಸರಿಯಾಗಿ ಸಿಗದೆ ಗೊಣಗಾಟ ಎದ್ದಾಗ ಅಪೊಸ್ತಲರು ಪವಿತ್ರಾತ್ಮಭರಿತರಾದ ಏಳು ಜನರನ್ನು ಹಂಚಿಕೆಗೆ ನೇಮಿಸಿದರು. ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು ಅಂತ ಪೌಲ ಕೊರಿಂಥದವರಿಗೆ ಬರೆದ. ಲೆಕ್ಕದ ಪುಸ್ತಕದ ಜಗಳಕ್ಕೆ ಒಡೆದ ಸಭೆಗಳನ್ನು ನಾನು ಕಂಡಿದ್ದೇನೆ. ಅಲ್ಲಿ ನಿನ್ನಂಥವನು ಒಬ್ಬ ಬೇಕಾಗಿದ್ದ.

ಈಗ ಮಾಡಬೇಕಾದದ್ದು. ಒಂದು ವರ್ಷ ಕೆಲಸದಲ್ಲೇ ಇರು. ನಿನ್ನ ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟದ ಒಂದು ಕೆಲಸ ಹಿಡಿ. ನಿನ್ನನ್ನು ಚಿಕ್ಕಂದಿನಿಂದ ಬಲ್ಲ ಮೂವರನ್ನು ಕೇಳು, ಅಮ್ಮನೂ ಆ ಮೂವರಲ್ಲಿ ಇರಲಿ. ಪ್ರಸಂಗ ಮಾಡುವ ಆಸೆ ಆಮೇಲೂ ಆರದಿದ್ದರೆ ಸಭೆಯ ಹಿರಿಯರ ಮುಂದೆ ಹೋಗು. ತರಬೇತಿಗೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ, ಬೆಂಗಳೂರಿನಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇದೆ. ಸಭೆಯೇ ನಿನ್ನನ್ನು ಕಳಿಸಲಿ. ತಂಗಿಯ ಓದು ಮುಗಿಯುವವರೆಗೆ ದೇವರು ಕಾಯುತ್ತಾರೆ. ಮೋಶೆಗಾಗಿ 40 ವರ್ಷ ಕಾದರು.

ಭಯದ ಬಗ್ಗೆ. ಯೋನನಿಗೆ ದೇವರು ಹೇಳಿದ್ದು ಏನು ಅಂತ ಸಂಶಯವೇ ಇರಲಿಲ್ಲ. ನಿನಗೆ ಇರುವುದು ಸಂಶಯ. ಎರಡೂ ಒಂದಲ್ಲ. ನಾನು ಪ್ರೊಟೆಸ್ಟೆಂಟ್, ಆದರೂ ಭಯದಲ್ಲಿ ತೀರ್ಮಾನ ಮಾಡಬಾರದು ಅಂತ ಕಲಿತದ್ದು ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೋಲಾ ಅವರಿಂದ. 1521ರ ಕದನದಲ್ಲಿ ಫಿರಂಗಿ ಗುಂಡು ತಾಗಿ ಕಾಲು ಮುರಿದು ಮಲಗಿದ್ದಾಗ ಅವರು ತಮ್ಮ ಮನಸ್ಸನ್ನು ಗಮನಿಸಿದರು. ಕೆಲವು ಯೋಚನೆಗಳು ಖುಷಿ ಕೊಟ್ಟು ಆಮೇಲೆ ಮನಸ್ಸನ್ನು ಒಣಗಿಸುತ್ತಿದ್ದವು. ಕೆಲವು ಹೋದ ಮೇಲೂ ಸಮಾಧಾನ ಉಳಿಯುತ್ತಿತ್ತು. ಮನಸ್ಸು ಕಂಗೆಟ್ಟಿರುವಾಗ ಹಿಂದಿನ ತೀರ್ಮಾನ ಬದಲಿಸಬೇಡ ಅಂತ ಅವರು ಕಲಿಸಿದರು. ಮೂರು ತಿಂಗಳಿಂದ ನಿನಗೆ ಸರಿಯಾಗಿ ನಿದ್ದೆ ಇದೆಯಾ? ಮೊದಲು ನಿದ್ದೆ ಮಾಡು.

ಮೂರು ದಿನದಲ್ಲಿ ನಿಮ್ಮ ಕರೆ ಕಂಡುಕೊಳ್ಳಿ ಅನ್ನುವ ಆನ್‌ಲೈನ್ ಶಿಬಿರಕ್ಕೆ 4,999 ರೂಪಾಯಿ. ಕಟ್ಟಲೇ?

ಒಂದು ರೂಪಾಯಿಯನ್ನೂ ಕಟ್ಟಬೇಡಿ.

ನಮ್ಮ ಯುವಜನರ ಗುಂಪಿನ ಒಬ್ಬ, ನಾನೇ ಅವನ ಹೆಂಡತಿ ಅಂತ ದೇವರು ಕನಸಿನಲ್ಲಿ ತೋರಿಸಿದರು ಅನ್ನುತ್ತಾನೆ. ನನಗೆ ಇಷ್ಟವಿಲ್ಲ. ದೇವರನ್ನು ಎದುರಿಸಿದಂತೆ ಆಗುತ್ತದೆಯೇ?

ಇಲ್ಲ ತಂಗಿ. ನಿನ್ನ ಮದುವೆಯ ವಿಷಯವನ್ನು ದೇವರು ನಿನ್ನ ಬೆನ್ನ ಹಿಂದೆ ಇತ್ಯರ್ಥ ಮಾಡುವುದಿಲ್ಲ. ಬೇಡ ಅಂತ ಒಂದೇ ಸಲ, ಗಟ್ಟಿಯಾಗಿ ಹೇಳು. ಮತ್ತೆ ಬಂದರೆ ಮನೆಯವರಿಗೂ ಸಭೆಯ ಹಿರಿಯರಿಗೂ ತಿಳಿಸು. ದೇವರ ಹೆಸರು ಹೇಳಿ ಹೆಣ್ಣುಮಗಳ ಬಾಯಿ ಮುಚ್ಚಿಸುವುದು ಪಾಪ.

ನಿವೃತ್ತ ಶಿಕ್ಷಕಿ, 63 ವರ್ಷ. ಸಂಜೆ ಬೀದಿಯ ನಾಲ್ಕೈದು ಮಕ್ಕಳು ಜಗಲಿಗೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ. ಅದರಿಂದ ಸಂಜೆಯ ಪ್ರಾರ್ಥನಾ ಕೂಟ ತಪ್ಪುತ್ತಿದೆ. ನನ್ನ ಕರೆ ಏನೆಂದು ಈ ವಯಸ್ಸಿನಲ್ಲೂ ತಿಳಿದಿಲ್ಲ.

ಅಕ್ಕಾ, ಕೂಟದ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಲು ನಿಮ್ಮ ಪಾಸ್ಟರಿಗೆ ಹೇಳಿ. ಮಕ್ಕಳ ಲೆಕ್ಕ ಮುಗಿಯಲಿ.