300 ಡಿಗ್ರಿಗೇ ಒಡೆಯೋ ಫೀನಾಲಿಕ್ ರೆಸಿನ್ (ಕಾದ್ರೆ ಗಟ್ಟಿಯಾಗೋ ಪ್ಲಾಸ್ಟಿಕ್ ಅಂಟು), ರಾಕೆಟ್ಟಿನ ನಾಜಲ್ (ಬೆಂಕಿ ಉಗುಳೋ ಬಾಯಿ) ಒಳಗೆ ಹೆಂಗೆ ಉಳಿಯುತ್ತೆ? ಎಪಾಕ್ಸಿ ರೆಸಿನ್ ಯಾಕಾಗಲ್ಲ?

ನಾನು ಮೈಸೂರು ಹೂಟಗಳ್ಳಿ ಕಡೆ ಒಂದು ಮೋಲ್ಡಿಂಗ್ ಯೂನಿಟ್ಟಲ್ಲಿ ಇರೋದು, ನಾವು ಒತ್ತೋದು ಸ್ವಿಚ್‌ಗೇರ್ ಪಾರ್ಟುಗಳು, ರಾಕೆಟ್ಟಿಂದಲ್ಲ, ಆದ್ರೂ ರೆಸಿನ್ ಜಾತಿ ಒಂದೇ ಆಗಿರೋದ್ರಿಂದ ಹೇಳ್ತೀನಿ.

ಅದು ಉಳಿಯೋದೇ ಇಲ್ಲ ಕಣ್ರಿ, ಸುಟ್ಟೇ ಹೋಗುತ್ತೆ. ಸುಡೋ ರೀತಿ ಬೇರೆ ಅಷ್ಟೇ. ಮಂಡ್ಯ ಕಡೆ ಆಲೆಮನೆ ಒಲೆ ನೋಡಿದ್ರೆ ಗೊತ್ತಿರುತ್ತೆ, ಕಬ್ಬಿನ ರಚ್ಚು ಹಾಕಿದ್ರೆ ಭಗ್ ಅಂತ ಉರಿದು ಬೂದಿ, ಜಾಲಿ ಸೌದೆ ಹಾಕಿದ್ರೆ ಗಟ್ಟಿ ಇದ್ದಿಲು. ಎಪಾಕ್ಸಿ ರಚ್ಚಿನ ಥರ, ಫೀನಾಲಿಕ್ ಸೌದೆ ಥರ. ಗಾಳಿ ಇಲ್ದೆ ಕಾಯಿಸಿದ್ರೆ ಫೀನಾಲಿಕ್ಕಲ್ಲಿ ತೂಕದ 50-60% ಕಾರ್ಬನ್ನಾಗಿ ಉಳಿಯುತ್ತೆ, ಆ ಪದರಾನೇ ಚಾರ್. ಒಳಗಡೆ ರೆಸಿನ್ ಒಡೆಯೋಕೆ ಶಾಖ ಖರ್ಚಾಗುತ್ತೆ, ಬಂದ ಗ್ಯಾಸು ಚಾರಿನ ತೂತಲ್ಲಿ ಹೊರಗೆ ನುಗ್ಗಿ ಬಿಸಿ ಗಾಳೀನ ದೂರ ತಳ್ಳುತ್ತೆ, ಕೆಂಪಗೆ ಕಾದ ಚಾರು ತಾನೇ ಶಾಖಾನ ಆಚೆಗೆ ವಾಪಸ್ ಸೂಸುತ್ತೆ. 1995ರಲ್ಲಿ ಗೆಲಿಲಿಯೋ ನೌಕೆ ಬಿಟ್ಟ ಪ್ರೋಬು ಗುರುಗ್ರಹಕ್ಕೆ ಸೆಕೆಂಡಿಗೆ ಸುಮಾರು 47 ಕಿಲೋಮೀಟರ್ ಸ್ಪೀಡಲ್ಲಿ ನುಗ್ಗಿತ್ತಲ್ಲ, ಅದರ ಕಾರ್ಬನ್ ಫೀನಾಲಿಕ್ ಕವಚ ಇದ್ದಿದ್ದು 152 ಕೆಜಿ, ಅದ್ರಲ್ಲಿ ಸುಮಾರು 80 ಕೆಜಿ ಉರಿದೇ ಹೋಯ್ತು, ಒಳಗಿದ್ದ ಪ್ರೋಬು ಮಾತ್ರ ಕೆಲಸ ಮಾಡ್ತು. ನಮ್ಮ ಇಸ್ರೋ 2014ರಲ್ಲಿ ಹಾರಿಸಿದ ಕೇರ್ ಅನ್ನೋ ಪ್ರಯೋಗದ ಕ್ರೂ ಮಾಡ್ಯೂಲ್ (ಗಗನಯಾತ್ರಿಗಳ ಕೋಶ) ಕೆಳಗೂ ಕಾರ್ಬನ್ ಫೀನಾಲಿಕ್ ಟೈಲೇ.

ಬರೀ ಚಾರ್ ಆದ್ರೆ ಮುಟ್ಟಿದ್ರೆ ಪುಡಿ, ಅದನ್ನ ಹಿಡಿದಿಟ್ಕೊಳ್ಳೋಕೇ ಫೈಬರ್ ಬಟ್ಟೆ. ನಾಜಲ್ಲಿಗೆ ರೇಯಾನಿಂದ ಮಾಡಿದ ಕಾರ್ಬನ್ ಬಟ್ಟೆ ಇಷ್ಟಪಡ್ತಾರೆ, ಶಾಖಾನ ಒಳಗೆ ಕಮ್ಮಿ ಸಾಗಿಸುತ್ತೆ ಅಂತ. ಪದರಗಳನ್ನ ಗ್ಯಾಸ್ ಹರಿಯೋ ದಿಕ್ಕಿಗೆ ಓರೆಯಾಗಿ ಕೂರಿಸ್ತಾರೆ, ಇಲ್ಲಾಂದ್ರೆ ಹಾಳೆ ಹಾಳೆಯಾಗಿ ಕಿತ್ಕೊಂಡು ಹೋಗುತ್ತೆ.

ಇನ್ನು ಎಲ್ಲಾರೂ ಎಪಾಕ್ಸಿನೇ ಯಾಕೆ ಇಷ್ಟಪಡ್ತಾರೆ ಅಂದ್ರೆ ಅದು ಕ್ಯೂರ್ ಆಗುವಾಗ, ಅಂದ್ರೆ ಗಟ್ಟಿಯಾಗುವಾಗ, ಏನೂ ಬಿಡಲ್ಲ, ಫೀನಾಲಿಕ್ಕು ನೀರು ಬಿಡುತ್ತೆ, 150 ಡಿಗ್ರಿ ದಾಟಿದ ಅಚ್ಚೊಳಗೆ ಅದು ಆವಿ, ಪ್ರೆಷರ್ ಸಾಲದಿದ್ರೆ ಪೀಸ್ ಪೂರ್ತಿ ಗುಳ್ಳೆ. ನಾವು ಪ್ರೆಸ್ಸನ್ನ ಒಂದು ಕ್ಷಣ ಎತ್ತಿ ಆವಿ ಬಿಡ್ತೀವಿ, ಬ್ರೀದಿಂಗ್ ಕೊಡೋದು ಅಂತೀವಿ, ಅದರ ಟೈಮಿಂಗು ಯಾವ ಡೇಟಾಶೀಟಲ್ಲೂ ಸರಿಯಾಗಿ ಸಿಗಲ್ಲ, ಆಪರೇಟರ್ ಕೈಗೇ ಗೊತ್ತು. ದಪ್ಪ ಪೀಸಾದ್ರೆ ಇನ್ನೂ ತಲೆನೋವು, ಉಳಿದ ತೇವ ಆಮೇಲೆ ಜ್ವಾಲೆ ಬಿದ್ದಾಗ ಒಳಗಿಂದ ಪದರ ಸೀಳುತ್ತೆ, ಅದಕ್ಕೇ ಪೋಸ್ಟ್‌ಕ್ಯೂರಲ್ಲಿ (ಅಚ್ಚಿಂದ ತೆಗೆದ ಮೇಲೆ ಮತ್ತೆ ಕಾಯಿಸೋದು) ಟೆಂಪರೇಚರ್ ನಿಧಾನಕ್ಕೆ ಏರಿಸೋದು.

ಕಾಲೇಜ್ ಪ್ರಾಜೆಕ್ಟಿಗೆ ಅಂತಾದ್ರೆ ರೀಸೋಲ್ ರೆಸಿನ್ನು (ಬರೀ ಕಾಯಿಸಿದ್ರೆ ಗಟ್ಟಿಯಾಗೋ ಫೀನಾಲಿಕ್), ಗ್ಲಾಸ್ ಬಟ್ಟೆ, ಹಾಟ್ ಪ್ರೆಸ್ಸು ಸಾಕು, ಬರೀ ವ್ಯಾಕ್ಯೂಮ್ ಬ್ಯಾಗ್ (ಗಾಳಿ ಹೀರಿ ಒತ್ತೋ ಚೀಲ) ನೆಚ್ಕೋಬೇಡಿ. ಟಾರ್ಚ್ ಟೆಸ್ಟಲ್ಲಿ (ಗ್ಯಾಸ್ ಜ್ವಾಲೆ ಹಿಡಿಯೋ ಪರೀಕ್ಷೆ) ಪೀಸ್ ಹಿಂದೆ ಥರ್ಮೋಕಪಲ್ (ಟೆಂಪರೇಚರ್ ಅಳೆಯೋ ತಂತಿ) ಅಂಟಿಸಿ, ಆಮೇಲೆ ಕುಯ್ದು ಚಾರ್ ಎಷ್ಟು ಆಳ ಹೋಗಿದೆ ಅಳೀರಿ. ಫಾರ್ಮಾಲ್ಡಿಹೈಡ್ ಘಾಟು ಜೋರು, ಎಕ್ಸಾಸ್ಟ್ ಇರೋ ರೂಮಲ್ಲೇ ಮಾಡಿ.